ಇಂಗ್ಲಿಷ್ ಬಂದರೆ ಸಾಕೇ? ಹೊರದೇಶದ ಬೇಸಿಗೆ ಕೆಲಸದ ಅಸಲಿ ಲೆಕ್ಕ

ಬೋಗಾದಿ (ಮೈಸೂರು): ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಬೋಗಾದಿಯಂತಹ ಬಡಾವಣೆಗಳಲ್ಲಿ ಹೊರದೇಶದ ಮಾತು ಹೊಸದೇನಲ್ಲ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೊಂದು 2017ರ ಜನವರಿಯಲ್ಲಿ ಆರಂಭವಾದದ್ದು ಮೈಸೂರಿನಲ್ಲೇ. ಅಂದಿನಿಂದ ಪಾಸ್‌ಪೋರ್ಟ್‌ಗಾಗಿ ಬೆಂಗಳೂರಿಗೆ ಅಲೆಯಬೇಕಾದ ಕಷ್ಟ ತಗ್ಗಿದೆ. ಪದವಿಯೂ ಪಾಸ್‌ಪೋರ್ಟೂ ಕೈಯಲ್ಲಿರುವ ಯುವಜನರಿಗೆ ಸ್ಪೇನಿನ ಕರಾವಳಿಯ ಹೋಟೆಲುಗಳಲ್ಲಿ ಒಂದು ಬೇಸಿಗೆ ದುಡಿದು ಬರುವ ಆಸೆ ಮೂಡಿದರೆ ಅಚ್ಚರಿಯಿಲ್ಲ. ಸ್ಪ್ಯಾನಿಷ್ ನಾಲ್ಕು ಮಾತು ಬಂದರೆ ಸಾಕು, ಉಳಿದದ್ದನ್ನು ಇಂಗ್ಲಿಷ್ ನೋಡಿಕೊಳ್ಳುತ್ತದೆ ಎಂಬುದು ಈ ಆಸೆಯ ಬುನಾದಿ. ಈ ಬುನಾದಿ ಎಷ್ಟು ಗಟ್ಟಿ?

ಮೊದಲ ತೊಡಕು ಭಾಷೆಯದಲ್ಲ, ಪರವಾನಗಿಯದು

ಪ್ರವಾಸಿಗರು ತುಂಬಿರುವ ಊರುಗಳಲ್ಲಿ, ಮಕ್ಕಳ ಇಂಗ್ಲಿಷ್ ಶಿಬಿರಗಳಲ್ಲಿ ಇಂಗ್ಲಿಷ್ ಬಲ್ಲವರಿಗೆ ಬೇಡಿಕೆ ಇರುವುದು ನಿಜ. ಆದರೆ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಅಲ್ಲಿ ಕೆಲಸದ ಪರವಾನಗಿಯೇ ಬೇಕಿಲ್ಲ. ಹೀಗಿರುವಾಗ ಎರಡು ಮೂರು ತಿಂಗಳ ಕೆಲಸಕ್ಕಾಗಿ ಭಾರತೀಯರೊಬ್ಬರ ಪರವಾನಗಿಗೆ ಓಡಾಡುವ ಮಾಲೀಕರು ಅಪರೂಪ. ಇಂಗ್ಲಿಷ್ ಮಾತೃಭಾಷೆಯಾಗಿರುವ ಬ್ರಿಟಿಷರೇ 2021ರಿಂದ ಸ್ಪೇನಿನಲ್ಲಿ ಮುಕ್ತವಾಗಿ ದುಡಿಯುವ ಹಕ್ಕನ್ನು ಕಳೆದುಕೊಂಡಿದ್ದಾರೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಅಲ್ಪಾವಧಿಯ ಷೆಂಗೆನ್ ವೀಸಾ 180 ದಿನಗಳಲ್ಲಿ 90 ದಿನ ಉಳಿಯಲು ಅವಕಾಶ ನೀಡುತ್ತದೆ. ಆದರೆ ಪ್ರವಾಸಿ ವೀಸಾದಲ್ಲಿ ದುಡಿಯುವುದು ಕಾನೂನುಬಾಹಿರ. ಸಿಕ್ಕಿಬಿದ್ದರೆ ಗಡೀಪಾರಿನ ಜೊತೆಗೆ ಮುಂದಿನ ವೀಸಾ ಅರ್ಜಿಗಳಿಗೂ ಕುತ್ತು. ಹುಯೆಲ್ವಾ ಪ್ರಾಂತ್ಯದ ಸ್ಟ್ರಾಬೆರಿ ತೋಟಗಳಿಗೆ ಪ್ರತಿವರ್ಷ ಬರುವ ಮೊರಾಕ್ಕೊದ ಮಹಿಳೆಯರು ಸರ್ಕಾರಗಳ ನಡುವಣ ಏರ್ಪಾಡಿನ ಮೂಲಕವೇ ಬರುತ್ತಾರೆ. ಸ್ಪೇನಿನಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಿಗೆ 2022ರ ಸುಧಾರಣೆಯ ನಂತರ ವಾರಕ್ಕೆ 30 ಗಂಟೆಗಳವರೆಗೆ ದುಡಿಯುವ ಅವಕಾಶವಿದೆ. ಆದರೆ ಅದು ಓದಲು ಹೋದವರ ಮಾತು.

ಇಂಗ್ಲಿಷಿಗೆ ತೆರೆದ ಎರಡು ಬಾಗಿಲು

ಇಂಗ್ಲಿಷನ್ನೇ ನಂಬಿದವರಿಗೆ ನೇರ ದಾರಿಗಳು ಬೇರೆಡೆ ಇವೆ. ಬ್ರಿಟನ್ 2023ರ ಫೆಬ್ರುವರಿಯಲ್ಲಿ ಆರಂಭಿಸಿದ ಭಾರತೀಯ ಯುವ ವೃತ್ತಿಪರರ ಯೋಜನೆ 18ರಿಂದ 30 ವರ್ಷದ ಪದವೀಧರರಿಗೆ ಎರಡು ವರ್ಷ ದುಡಿಯಲು ಅವಕಾಶ ನೀಡುತ್ತದೆ. ಮೊದಲೇ ಕೆಲಸ ಗೊತ್ತುಮಾಡಿಕೊಂಡಿರಬೇಕಿಲ್ಲ. ಆದರೆ ಲಾಟರಿಯಲ್ಲಿ ಹೆಸರು ಬರಬೇಕು, ಖಾತೆಯಲ್ಲಿ 2,530 ಪೌಂಡ್ ಇರಬೇಕು, ವೀಸಾ ಶುಲ್ಕದ ಮೇಲೆ ಆರೋಗ್ಯ ಶುಲ್ಕವನ್ನೂ ತೆರಬೇಕು.

ಆಸ್ಟ್ರೇಲಿಯಾ 2024ರ ಅಕ್ಟೋಬರ್‌ನಲ್ಲಿ ಭಾರತೀಯರಿಗೆ ತೆರೆದ ‘ವರ್ಕ್ ಅಂಡ್ ಹಾಲಿಡೇ’ ವೀಸಾ ಒಂದು ವರ್ಷದ್ದು. ವರ್ಷಕ್ಕೆ ಸಾವಿರ ವೀಸಾ ಮಾತ್ರ. ಮೊದಲ ಎರಡು ವಾರಗಳಲ್ಲೇ ಸುಮಾರು 40,000 ಮಂದಿ ಹೆಸರು ನೋಂದಾಯಿಸಿದ್ದರು. ಇಲ್ಲೂ ಅದೃಷ್ಟವೇ ಮೊದಲು, ಅರ್ಹತೆ ನಂತರ.

ಋತುಗಳ ಲೆಕ್ಕವೂ ಬೇರೆ. ನಮ್ಮ ಬೇಸಿಗೆ ಏಪ್ರಿಲ್-ಮೇ. ಯುರೋಪಿನಲ್ಲಿ ಬೇಸಿಗೆ ಕಾವೇರುವ ಜೂನ್-ಆಗಸ್ಟ್ ನಮಗೆ ಮಳೆಗಾಲ. ಆಸ್ಟ್ರೇಲಿಯಾದ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಕಾಲೇಜು ಬಿಡದೆ ರಜೆಯಲ್ಲಷ್ಟೇ ದುಡಿದು ಬರುತ್ತೇವೆ ಎನ್ನುವವರಿಗೆ ಈ ಲೆಕ್ಕ ಕೂಡಿಬರುವುದು ಕಷ್ಟ.

ಓದಲಾಗದ ಒಪ್ಪಂದ

ಹಾಗಾದರೆ ಭಾಷೆಯ ಕೊರತೆ ನಗಣ್ಯವೇ? ಖಂಡಿತ ಅಲ್ಲ. ಅದು ಕಾಡುವುದು ಕೆಲಸ ಹುಡುಕುವಾಗ ಮಾತ್ರವಲ್ಲ, ಸಹಿ ಹಾಕುವಾಗ. ಸಹಾಯಕರ ಕೆಲಸದ ಭರವಸೆ ನಂಬಿ ರಷ್ಯಾಕ್ಕೆ ತೆರಳಿದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧಭೂಮಿಗೆ ತಳ್ಳಲ್ಪಟ್ಟ ಸಂಗತಿ 2024ರ ಆರಂಭದಲ್ಲಿ ಬೆಳಕಿಗೆ ಬಂದಿತು. ಹೀಗೆ ವಂಚನೆಗೊಳಗಾದ ಭಾರತೀಯರು ಸಹಿ ಹಾಕಿದ್ದು ತಮಗೆ ಓದಲು ಬಾರದ ರಷ್ಯನ್ ಭಾಷೆಯ ಒಪ್ಪಂದಗಳಿಗೆ. ಕಲಬುರಗಿಯ ಯುವಕರು ಮನೆ ಸೇರಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ.

ಸ್ಪೇನಿನ ಹೋಟೆಲನ್ನು ಯುದ್ಧಭೂಮಿಗೆ ಹೋಲಿಸಬೇಕಿಲ್ಲ. ಆದರೆ ಅಪಾಯದ ಬೇರು ಒಂದೇ. ಗ್ರಾಹಕರೊಡನೆ ಇಂಗ್ಲಿಷಿನಲ್ಲಿ ಮಾತನಾಡಬಹುದು. ವೇತನ ಚೀಟಿ, ಕೆಲಸದ ಅವಧಿ, ವಸತಿಗಾಗಿ ಮುರಿದುಕೊಳ್ಳುವ ಹಣ, ಕಾರ್ಮಿಕ ಕಚೇರಿಗೆ ಕೊಡುವ ದೂರು ಇವೆಲ್ಲ ಸ್ಪ್ಯಾನಿಷಿನಲ್ಲೇ ಇರುತ್ತವೆ. ನಾಲ್ಕು ಮಾತಿನ ಸ್ಪ್ಯಾನಿಷ್ ಕೆಲಸ ಕೊಡಿಸೀತು, ಹಕ್ಕನ್ನು ಕಾಯದು.

ಎಚ್ಚರ ಎಲ್ಲಿಂದ?

ಮಧ್ಯವರ್ತಿಯ ಪರಿಶೀಲನೆ ಮೊದಲ ಹೆಜ್ಜೆ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಹೊಂದಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ನೋಂದಾಯಿತರ ಪಟ್ಟಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿದೆ. ಸಾಲ ಮಾಡಿ ಲಕ್ಷಗಟ್ಟಲೆ ಎಣಿಸಿಕೊಡುವ ಮುನ್ನ ಮನೆಯವರೂ ಒಮ್ಮೆ ಅಲ್ಲಿ ಹೆಸರು ಹುಡುಕಿ ನೋಡುವುದು ಒಳಿತು.

ಎರಡನೆಯದು ಭಾಷೆ. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಭಾರತಕ್ಕೆ ಬಂದಾಗ ಹೊರಬಿದ್ದ ಜಂಟಿ ಹೇಳಿಕೆಯಲ್ಲಿ ಬೆಂಗಳೂರಿನಲ್ಲಿ ಸ್ಪೇನಿನ ಕಾನ್ಸುಲೇಟ್ ತೆರೆಯುವ ತೀರ್ಮಾನದ ಪ್ರಸ್ತಾಪವಿತ್ತು. ನಂಟು ಬೆಳೆದಂತೆ ಅವಕಾಶವೂ ಬೆಳೆಯಬಹುದು. ಆಗ ಲಾಭ ಪಡೆಯುವವರು ಸ್ಪ್ಯಾನಿಷ್ ಓದಿ ಬರೆಯಬಲ್ಲವರು, ಸರ್ವಾಂಟಿಸ್ ಸಂಸ್ಥೆ ನೀಡುವ ‘ಡೆಲೆ’ಯಂತಹ ಪ್ರಮಾಣಪತ್ರ ಕೈಯಲ್ಲಿರುವವರು.

ಒಂದು ಬೇಸಿಗೆಗಾಗಿ ಅವಸರದಲ್ಲಿ ವಿಮಾನ ಹತ್ತುವುದಕ್ಕಿಂತ ಒಂದು ವರ್ಷ ಇಲ್ಲೇ ಕುಳಿತು ಭಾಷೆ ಕಲಿಯುವುದು ನಿಧಾನದ ದಾರಿ, ನಿಜ. ಆದರೆ ಸಹಿ ಹಾಕುವ ಕಾಗದವನ್ನು ತಾನೇ ಓದಬಲ್ಲವನನ್ನು ವಂಚಿಸುವುದು ಸುಲಭವಲ್ಲ.