ಕ್ಯಾಂಪಸ್ಸಿನ ಅಂಚಿನಲ್ಲಿ ನಮಗೊಂದು ಖೋಲಿ



ಚಿಮ್ಮನಚೋಡದಿಂದ ಎಂ.ಎ. ಓದಲು ಕಲಬುರಗಿಗೆ ಬಂದ ಹುಡುಗ ಮೊದಲು ಹುಡುಕುವುದು ಖೋಲಿ. ಪುಸ್ತಕ ಆಮೇಲೆ. ಹಾಸ್ಟೆಲ್ ಸೀಟು ಸಿಗದಿದ್ದರೆ ಬಾಗಿಲು ಬಾಗಿಲು ತಟ್ಟಬೇಕು. "ಯಾ ಊರಪಾ? ಯಾವ ಮಂದಿ?" ಅಂತ ಕೇಳ್ತಾರೆ. ಹೇಳಿದ ಮೇಲೆ, "ಖೋಲಿ ನಿನ್ನೇನೇ ಕೊಟ್ಟೀವಪಾ." ಈ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ?

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದಾಗ ಜ್ಞಾನಗಂಗೆ ಊರ ಹೊರಗಿತ್ತು. ಈಗ ಅದೇ ಸೇಡಂ ರಸ್ತೆಗೆ ಇ.ಎಸ್.ಐ. ವೈದ್ಯಕೀಯ ಕಾಲೇಜು ಬಂದಿದೆ. 2019ರಲ್ಲಿ ವಿಮಾನ ನಿಲ್ದಾಣವೂ ಬಂತು. ಹೊಲ ಪ್ಲಾಟಾಗಲು ಇನ್ನೇನು ಬೇಕು? ಇಂಥ ಅಂಚುಗಳಿಗೆ ಯೋಜನೆಯವರು ಇಡುವ ಹೆಸರು 'ಮಿಶ್ರ ಬಳಕೆ': ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕಕ್ಕೆ ಕಚೇರಿ. ನಾವು ಇದರ ವಿರೋಧಿಗಳಲ್ಲ. ನಮ್ಮ ಕೇರಿಯಲ್ಲಿ ಚಪ್ಪಲಿ ಹೊಲಿಯುವ ಜಾಗವೂ ಮಲಗುವ ಜಾಗವೂ ಒಂದೇ ಆಗಿತ್ತು. ಅದಕ್ಕೆ ಯಾರೂ ನಕಾಶೆ ಬರೆಯಲಿಲ್ಲ, ಅಷ್ಟೇ.

ಆದರೆ ಈ ಮಿಶ್ರದೊಳಗ ನಾವು ಇದ್ದೀವೋ ಇಲ್ಲೋ? ಬಂಡಿಯ ಮೇಲೆ ಚಹಾ ಮಾರುವವಳು ಎದ್ದು ಹೋದರೆ, ಭಾಡಿಗಿ ಸ್ಕಾಲರ್‌ಶಿಪ್ಪಿಗೆ ನಿಲುಕದಿದ್ದರೆ, ಅದು ಹೊಸ ಅಗ್ರಹಾರ. ವಾಡಿಯ ಸಿಮೆಂಟು, ಶಹಾಬಾದಿನ ಪರಸಿ ನಮ್ಮವರ ಬೆವರಿನಲ್ಲೇ ಗೋಡೆಯಾಗಿವೆ, ನೆಲವಾಗಿವೆ. ಆ ನೆಲದ ಮೇಲೆ ಚಾಪೆ ಹಾಸಲು ಕುಲ ಹೇಳಬೇಕೆ?

ಇನ್ನು ಭೂಮಿಯ ಮಾತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಎನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಕೈತಪ್ಪಿದ ಭೂಮಿ ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಆದರೂ ಕೋರ್ಟಿನಲ್ಲಿ ವಿಳಂಬದ ವಾದ ಇನ್ನೂ ಬರ್ತದ. ಹಾಗಾಗಿ ರಸ್ತೆ ಬದಿಯ ಪ್ಲಾಟಿನ ಕಲ್ಲು ನೆಡುವ ಮೊದಲೇ ಆ ಹೊಲ ಮೂಲದಲ್ಲಿ ಯಾರಿಗೆ ಮಂಜೂರಾಗಿತ್ತು ಎಂದು ತಹಶೀಲ ಕಚೇರಿಯಲ್ಲಿ ಕೇಳಬೇಕು.

1961ರ ನಗರ ಯೋಜನಾ ಕಾಯ್ದೆಯಂತೆ ಮಾಸ್ಟರ್ ಪ್ಲಾನ್ ಪ್ರಕಟವಾದಾಗ ಜನ ತಮ್ಮ ಅಭಿಪ್ರಾಯ ಬರೆದು ಕೊಡಲು 60 ದಿನ ಇರುತ್ತದೆ. ಅವು ಪರೀಕ್ಷೆಯ ದಿನಗಳೇ ಆಗಿದ್ದರೂ ಬರೆದು ಕೊಡೋಣ: ಹಾಸ್ಟೆಲ್ಲಿಗೆ ಜಾಗ ಎಲ್ಲಿ, ಖಾನಾವಳಿಗೆ ಎಲ್ಲಿ, ಬಂಡಿಗಳು ಎಲ್ಲಿ ನಿಲ್ಲಬೇಕು, ಹುಡುಗಿಯರು ರಾತ್ರಿ ಗ್ರಂಥಾಲಯದಿಂದ ನಡೆದು ಬರಲು ದೀಪವಿರುವ ದಾರಿ ಯಾವುದು.

ಚಿಂಚೋಳಿ, ಸೇಡಂ, ಚಿತ್ತಾಪುರ ಕಡೆಯ ಗೆಳೆಯರು ಮುಂದಿನ ಸಭೆಗೆ ಒಂದೊಂದು ಬಿಳಿ ಹಾಳೆ ತನ್ನಿ. ನಕಾಶೆ ಬರೆಯೋದದ. ಮನೆಯ ಟ್ರಂಕಿನಲ್ಲಿ ಹಳೆಯ ಪಹಣಿ ಇದ್ದರೆ ಅದನ್ನೂ ತನ್ನಿ.