ಫಾಲ್ಗುಣದಲ್ಲಿ ಮಾಡಿದ ಬಾಗಿಲು

ಎರಡು ವರ್ಷದ ಹಿಂದೆ ಕೋಲ್ಕತ್ತದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ನಾನೇ ಒಂದು ಪುಸ್ತಕದ ಕಪಾಟು ಮಾಡಿದೆ. ತೇಗದ ಮೂರು ಹಲಗೆಗಳನ್ನು ಅಂಟಿಸಿ ಮಾಡಿದ ಬಾಗಿಲು, ಮೂಲೆಮಟ್ಟ ಇಟ್ಟು ನೋಡಿದರೆ ಎಲ್ಲೂ ಬೆಳಕು ತೂರುತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ಅದು ಚೌಕಟ್ಟಿಗೆ ಕಚ್ಚಿಕೊಂಡು ಕೂತಿತು. ಬೌಬಜಾರಿನಿಂದ ಬಂದ ವಯಸ್ಸಾದ ಬಡಗಿ ಮಿಸ್ತ್ರಿ ಬಾಗಿಲನ್ನು ಎಳೆದೂ ನೋಡಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ‘ದಾದಾ, ಇದನ್ನು ಫಾಲ್ಗುಣದಲ್ಲಿ ಮಾಡಿದಿರಾ?’ ಎಂದು ಕೇಳಿದರು.

ಹೌದು, ಮಾರ್ಚ್ ಮೊದಲ ವಾರ.

ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅಗಲಕ್ಕೆ ಮಾತ್ರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರಗಳ ಗುಂಟ ಆಗುವ ಬದಲಾವಣೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಕೋಲ್ಕತ್ತದಲ್ಲಿ ಫೆಬ್ರವರಿ-ಮಾರ್ಚ್ ಗಾಳಿ ಒಣಗಿರುವ ಕಾಲ. ಜುಲೈ-ಆಗಸ್ಟಿನಲ್ಲಿ ಗಾಳಿಯ ತೇವಾಂಶ ಶೇ. 80 ದಾಟುತ್ತದೆ. ಒಂದೂವರೆ ಅಡಿ ಅಗಲದ ತೇಗದ ಬಾಗಿಲು ಇಷ್ಟರ ನಡುವೆ ಎರಡು ಮೂರು ಮಿಲಿಮೀಟರ್ ಆರಾಮವಾಗಿ ಹಿಗ್ಗುತ್ತದೆ. ನಾನು ಬಿಟ್ಟಿದ್ದ ಸಂದು ಒಂದು ಮಿಲಿಮೀಟರ್. ಹಾಗೆ ಬಿಡಬೇಕೆಂದು ನಾನು ನೋಡಿದ ವಿಡಿಯೊದಲ್ಲಿ ಹೇಳಿದ್ದರು. ಅದು ಯಾವುದೋ ಒಣ ಚಳಿಯ ಊರಿನಲ್ಲಿ ಮಾಡಿದ ವಿಡಿಯೊ. ಆ ಊರಿಗೆ ಅದು ಸರಿಯೇ ಇದ್ದಿರಬೇಕು.

ಮನೆಯಲ್ಲೇ ಮರಗೆಲಸ, ಲೋಹದ ಕೆಲಸ ಮಾಡುವವರ ಸಂಖ್ಯೆ ನಮ್ಮ ನಡುವೆ ಹೆಚ್ಚುತ್ತಿದೆ. ಡ್ರಿಲ್ ಮಶಿನ್, ಗ್ರೈಂಡರ್ ಎಲ್ಲ ಕೈಗೆಟುಕುವ ಬೆಲೆಗೆ ಬಂದಿವೆ. ಹೇಳಿಕೊಡುವವರಿಗೂ ಕೊರತೆಯಿಲ್ಲ. ಆದರೆ ನಾವು ಪರಸ್ಪರ ಹಂಚಿಕೊಳ್ಳುತ್ತಿರುವುದು ಬಹುಪಾಲು ಅಳತೆ ಮತ್ತು ಫಲಿತಾಂಶ. ಹಾಗೇಕೆ ಮಾಡಬೇಕು, ಯಾವ ಹವೆಯಲ್ಲಿ ಮಾಡಿದ್ದು, ಮೊದಲ ಸಲ ಎಲ್ಲಿ ಕೆಟ್ಟಿತು ಎಂಬುದನ್ನು ಹೇಳುವವರು ಕಡಿಮೆ. ಕಾರಣ ಬಿಟ್ಟು ಹೇಳಿದ ಉಪಾಯ ಊರು ಬದಲಾದರೆ ಕೈಕೊಡುತ್ತದೆ.

ಕಾರಣ ತಿಳಿದು ಕಲಿತ ಕೆಲಸ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಉದಾಹರಣೆ ಇಲ್ಲೇ ಹೂಗ್ಲಿ ನದಿಯ ದಡದಲ್ಲಿದೆ. 1778ರಲ್ಲಿ ಹಾಲ್ಹೆಡ್ ಬರೆದ ಬಂಗಾಳಿ ವ್ಯಾಕರಣ ಹೂಗ್ಲಿ ಊರಿನಲ್ಲಿ ಅಚ್ಚಾಯಿತು. ಅದರ ಬಂಗಾಳಿ ಅಚ್ಚುಮೊಳೆಗಳನ್ನು ಮಾಡಿಸಿದವರು ಚಾರ್ಲ್ಸ್ ವಿಲ್ಕಿನ್ಸ್. ಅವರ ಜೊತೆ ಕೂತು ಆ ಕೆಲಸ ಕಲಿತವರು ಕಮ್ಮಾರ ವೃತ್ತಿಯ ಮನೆತನದ ಪಂಚಾನನ ಕರ್ಮಕಾರ. ಮುಂದೆ ಅವರು ಶ್ರೀರಾಮಪುರದ ಮಿಷನ್ ಮುದ್ರಣಾಲಯ ಸೇರಿ ಅಲ್ಲಿ ತಮ್ಮ ಅಳಿಯ ಮನೋಹರರಿಗೂ ಇತರರಿಗೂ ಕೆಲಸ ಕಲಿಸಿದರು. 1804ರ ಸುಮಾರಿಗೆ ತೀರಿಕೊಂಡರು. 1812ರಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಮೊಳೆಗಳೆಲ್ಲ ಕರಗಿಹೋದವು. ಆದರೆ ಉಕ್ಕಿನ ಪಡಿಯಚ್ಚುಗಳು ಉಳಿದವು, ಅವುಗಳನ್ನು ಬಳಸುವ ಕೈಗಳೂ ಇದ್ದವು. ಕರಗಿದ ಲೋಹದಿಂದಲೇ ಮತ್ತೆ ಮೊಳೆ ಎರಕ ಹೊಯ್ದರು. ಅದೇ ಮುದ್ರಣಾಲಯದಿಂದ 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಹೊರಬಂತು. ಕನ್ನಡ ಅಕ್ಷರಗಳು ಅಚ್ಚಾದ ಮೊಟ್ಟಮೊದಲ ಪುಸ್ತಕಗಳಲ್ಲಿ ಅದೂ ಒಂದು. ಪಂಚಾನನರು ಕೆಲಸವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ಹೋಗಿದ್ದರೆ ಅದು ಹೊರಬರುವುದು ಇನ್ನೆಷ್ಟು ತಡವಾಗುತ್ತಿತ್ತೋ.

ಅಚ್ಚುಮೊಳೆ ಕೆತ್ತುವವರ ಒಂದು ಉಪಾಯ ನಮ್ಮ ಬಾಲ್ಕನಿಗೂ ಬರುತ್ತದೆ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಅರದಿಂದ ಉಜ್ಜಿ ತೆಗೆಯುತ್ತಾರೆ. ಸರಿಯಾಯಿತೇ ಎಂದು ನೋಡಲು ತುದಿಯನ್ನು ದೀಪದ ಜ್ವಾಲೆಗೆ ಹಿಡಿದು, ಕಪ್ಪು ಕಟ್ಟಿದ ಮೇಲೆ ಕಾಗದಕ್ಕೆ ಒತ್ತುತ್ತಾರೆ. ಎಲ್ಲಿ ಇನ್ನೂ ಉಜ್ಜಬೇಕು ಎಂಬುದು ಕಾಗದದಲ್ಲಿ ಕಾಣುತ್ತದೆ. ಹಾವ್ಡಾದ ಬೆಲಿಲಿಯಸ್ ರಸ್ತೆಯಂಥ ಕಡೆ, ಲೇತ್ ಮಶಿನ್‌ಗಳ ಸದ್ದಿನ ನಡುವೆ ಕೆಲಸ ಮಾಡುವ ಫಿಟ್ಟರ್‌ಗಳು ಇದನ್ನೇ ನೀಲಿ ಬಣ್ಣ ಸವರಿ ಮಾಡುತ್ತಾರೆ. ನೀವು ಮರದ ನಾಲಿಗೆಯನ್ನು ತೂತಿಗೆ ಕೂಡಿಸುವಾಗ ತೂತಿನ ಒಳಗೋಡೆಗೆ ಪೆನ್ಸಿಲ್ ಉಜ್ಜಿ, ನಾಲಿಗೆಯನ್ನು ಒಮ್ಮೆ ತೂರಿಸಿ ಹೊರತೆಗೆಯಿರಿ. ಕಪ್ಪು ಹತ್ತಿದ ಕಡೆಯಷ್ಟೇ ಉಳಿಯಿಂದ ತೆಗೆಯಿರಿ. ಅಂದಾಜಿಗೆ ತೆಗೆದರೆ ಕೂಡು ಸಡಿಲವಾಗುತ್ತದೆ, ಸಡಿಲವಾದದ್ದನ್ನು ಅಂಟು ಉಳಿಸುವುದಿಲ್ಲ.

ಕೊಂಡಿ ಕಳಚಿದ ಉದಾಹರಣೆಯೂ ಇದೇ ಊರಿನಲ್ಲಿದೆ. ಕೋಲ್ಕತ್ತದ ಕ್ಯಾಂಟನೀಸ್ ಚೀನೀಯರಲ್ಲಿ ಬಹಳ ಮಂದಿ ಬಡಗಿಗಳಾಗಿದ್ದರು, ಅವರ ಕೈಕೆಲಸಕ್ಕೆ ಒಳ್ಳೆಯ ಹೆಸರಿತ್ತು. 1962ರ ಯುದ್ಧದ ನಂತರ ಚೀನೀ ಮೂಲದವರ ಮೇಲೆ ಅನುಮಾನ, ನಿರ್ಬಂಧಗಳು ಬಿದ್ದವು. ಅನೇಕರು ದೇಶ ಬಿಟ್ಟರು. ಮನೆಯೊಳಗೇ, ಬಾಯಿಂದ ಬಾಯಿಗೆ ಇಳಿದು ಬಂದ ಕಸುಬು ಆ ಮನೆಯವರ ಜೊತೆಗೇ ಹೋಗಿಬಿಡುತ್ತದೆ.

ಹಾಗಾದರೆ ಮಿಸ್ತ್ರಿಗಳು ತಮಗೆ ತಿಳಿದದ್ದನ್ನೆಲ್ಲ ಹೇಳಿಬಿಡಬೇಕೆ? ನಾನು ಅದನ್ನೇ ನಿರೀಕ್ಷಿಸಿದ್ದೆ. ಅರಗಿನ ಪಾಲಿಶ್ ಹಚ್ಚುವುದು ಹೇಗೆಂದು ಕೇಳಿದಾಗ ನಮ್ಮ ಮಿಸ್ತ್ರಿ ನಕ್ಕು ಸುಮ್ಮನಾದರು. ಆಗ ಬೇಸರವಾಯಿತು, ಈಗ ಅವರೇ ಸರಿ ಅನ್ನಿಸುತ್ತದೆ. ತಿಂಗಳ ಸಂಬಳ ಬರುವ ನನಗೆ ಅದು ಭಾನುವಾರದ ಹವ್ಯಾಸ, ಅವರಿಗೆ ಸೋಮವಾರದ ಅನ್ನ. ನಾನು ಪುಕ್ಕಟೆ ಕೇಳಿಕೊಂಡು ನನ್ನ ಹೆಸರಲ್ಲಿ ನಾಲ್ಕು ಜನಕ್ಕೆ ಹೇಳಿದರೆ ಅದನ್ನು ಹಂಚಿಕೆ ಎನ್ನಲಾಗದು. ಮರುವಾರ ಒಂದು ದಿನದ ಪೂರ್ತಿ ಕೂಲಿ ಕೊಟ್ಟು, ‘ಇವತ್ತು ಕೆಲಸ ಬೇಡ, ಕಲಿಸಿಕೊಡಿ’ ಎಂದೆ. ಅಂದು ಸಂಜೆಯವರೆಗೆ ಕಲಿಸಿದರು. ಮಳೆಯ ದಿನ ಪಾಲಿಶ್ ಹಚ್ಚಬಾರದು ಎಂಬುದು ಅವರ ಮೊದಲ ಪಾಠ. ಸ್ಪಿರಿಟ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ, ಪಾಲಿಶ್ ಬೆಳ್ಳಗೆ ಮಸುಕಾಗುತ್ತದೆ. ಇದನ್ನು ಇಲ್ಲಿ ಬರೆಯುವುದಕ್ಕೂ ಅವರನ್ನು ಕೇಳಿದ್ದೇನೆ.

ಬೆಂಕಿಯ ಕೆಲಸಕ್ಕೂ ಇದೇ ಮಾತು. ಹಳೆಯ ಅರದಿಂದ ಒಳ್ಳೆಯ ಉಳಿ ಆಗುತ್ತದೆ. ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ನಿಧಾನ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಅದರ ಹಲ್ಲುಗಳನ್ನು ಬುಡ ಸಮೇತ ಉಜ್ಜಿ ತೆಗೆಯಬೇಕು, ಉಳಿದ ಗೀರುಗಳಿಂದಲೇ ಮುಂದೆ ಬಿರುಕು ಹುಟ್ಟುತ್ತದೆ. ಆಮೇಲೆ ಆಯಸ್ಕಾಂತ ಅಂಟದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಆಗ ಉಕ್ಕು ಗಾಜಿನಷ್ಟು ಬಿರುಸು. ಹದ ಬರಲು ಮತ್ತೆ 200ರಿಂದ 230 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು, ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ ಕಾಣುವವರೆಗೆ. ನೀಲಿಗೆ ತಿರುಗಿದರೆ ಅಲಗು ಬಾಗುತ್ತದೆ. ಇದರಲ್ಲಿ ಉಜ್ಜುವ ಕೆಲಸ ಮನೆಯಲ್ಲಿ ಮಾಡಿ. ಕಾಯಿಸಿ ಎಣ್ಣೆಗೆ ಅದ್ದುವುದನ್ನು ಕಮ್ಮಾರರಲ್ಲಿ ದುಡ್ಡು ಕೊಟ್ಟು ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಕೆಂಪಗೆ ಕಾದ ಕಬ್ಬಿಣ ತಾಗಿದರೆ ಎಣ್ಣೆಗೆ ಬೆಂಕಿ ಹತ್ತಬಹುದು. ಬಾಲ್ಕನಿ ಅದಕ್ಕೆ ಜಾಗವಲ್ಲ.

ಅಪಾಯವನ್ನು ಬಿಟ್ಟು ಉಪಾಯ ಹೇಳುವುದು ನನ್ನ ಪ್ರಕಾರ ದೊಡ್ಡ ತಪ್ಪು. ಲೋಹ ಕತ್ತರಿಸುವ ಗ್ರೈಂಡರಿನ ಕವಚ ಬಿಚ್ಚಿ, ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದನ್ನು ಜಾಣತನದಂತೆ ತೋರಿಸುವವರಿದ್ದಾರೆ. ಆ ಬ್ಲೇಡ್ ಮರದಲ್ಲಿ ಸಿಕ್ಕಿಕೊಂಡರೆ ಗ್ರೈಂಡರ್ ಕೈಯಿಂದ ಹಾರಿ ಮೈಮೇಲೆ ಬರುತ್ತದೆ. ಡ್ರಿಲ್ ಹಿಡಿಯುವಾಗ ಕೈಚೀಲ ಹಾಕಬಾರದು, ತಿರುಗುವ ಬಿಟ್ಟು ಬಟ್ಟೆಯ ಜೊತೆ ಬೆರಳನ್ನೂ ಸುತ್ತಿಕೊಳ್ಳುತ್ತದೆ. ಜಿಂಕ್ ಲೇಪದ ತಗಡನ್ನು ವೆಲ್ಡ್ ಮಾಡಿದರೆ ಅದರ ಹೊಗೆಯಿಂದ ಜ್ವರ ಬರುತ್ತದೆ. ಇಂಥದ್ದನ್ನು ಹೇಳದ ಒಬ್ಬ ಗುರುವಿಗಾಗಿ ಯಾರೋ ಕಲಿಯುವವರು ಬೆರಳು ತೆರಬೇಕಾಗುತ್ತದೆ.

ಆ ದಿನ ಮಿಸ್ತ್ರಿ ನನ್ನ ಬಾಗಿಲಿನ ಅಂಚನ್ನು ಕೀಸುಳಿಯಿಂದ ಮೂರು ಮಿಲಿಮೀಟರ್ ಇಳಿಸಿದರು. ಮುಂದಿನ ಸಲ ಚೌಕಟ್ಟಿನ ಒಳ ಅಂಚಿಗೆ ತೋಡು ಕೊರೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಕೂರಿಸಿ ಎಂದರು. ಹಿಗ್ಗುವುದು ತೋಡಿನೊಳಗೇ ಹಿಗ್ಗಲಿ, ಹೊರಗಿನ ಅಳತೆ ಕೆಡದು. ನಮ್ಮ ಹಳೆಯ ಮನೆಗಳ ಎಷ್ಟೋ ಬಾಗಿಲುಗಳು ಹಾಗೇ ಇವೆ. ‘ಚಳಿಗಾಲದಲ್ಲಿ ಸಂದು ಕಾಣುತ್ತೆ, ಮುಚ್ಚೋಕೆ ಹೋಗಬೇಡಿ’ ಎಂದೂ ಎಚ್ಚರಿಸಿದರು. ಈ ಫೆಬ್ರವರಿಯಲ್ಲಿ ಸಂದು ಕಂಡಿತು, ನಾನು ಮುಚ್ಚಲಿಲ್ಲ. ಈಗ ಯಾವ ಸಾಮಾನು ಮಾಡಿದರೂ ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಮೂರು ಸಾಲು ಬರೆಯುತ್ತೇನೆ: ಮಾಡಿದ ತಿಂಗಳು, ಬಿಟ್ಟ ಸಂದಿನ ಅಳತೆ, ಹೇಳಿಕೊಟ್ಟವರ ಹೆಸರು. ನೀವೂ ಬರೆದಿಡಿ. ಮುಂದೆ ರಿಪೇರಿಗೆ ಬರುವವರಿಗೆ ಅಷ್ಟು ಸಾಕು.