ಮರ ಕಡಿಯುವುದು ಬೇಡ, ಹೂವು ಬದಲಾಯಿಸೋಣ

 

ನಮ್ಮ ಶಾಲೆಯ ಕೈತೋಟದ ಬಗ್ಗೆ ನನ್ನ ಅನಿಸಿಕೆಯನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿರಿ.

ಕಳೆದ ವರ್ಷ ಹೊಂಗೆ ಮರದ ಕೆಳಗಿನ ಪಾತಿಯಲ್ಲಿ ನಾವೆಲ್ಲ ಸೇರಿ ಚೆಂಡು ಹೂವಿನ ಗಿಡ ಹಾಕಿದೆವು. ಗಿಡವೇನೋ ಬಂತು. ಆದರೆ ಸೊರಗಿ ಉದ್ದಕ್ಕೆ ಬೆಳೆದು, ಸ್ವಾತಂತ್ರ್ಯ ದಿನಾಚರಣೆಗೆ ಒಂದು ಬೊಗಸೆ ಹೂವೂ ಸಿಗಲಿಲ್ಲ. ಈಗ ಕೆಲವರು "ನೆರಳು ಜಾಸ್ತಿಯಾಯ್ತು, ಕೊಂಬೆಗಳನ್ನ ಕಡಿಸಿಬಿಡೋಣ" ಅನ್ನುತ್ತಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ನಾವು ಬಿಸಿಯೂಟ ಮಾಡುವುದು ಆ ಮರದ ಕೆಳಗೆ. ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೆ ಓದಿಕೊಳ್ಳುವುದೂ ಅಲ್ಲೇ. ತಪ್ಪು ಮರದ್ದಲ್ಲ. ಬಿಸಿಲು ಕೇಳುವ ಗಿಡವನ್ನು ನೆರಳಿನಲ್ಲಿ ಹಾಕಿದ ನಮ್ಮದು.

ನೆರಳಿನಲ್ಲೂ ಹೂ ಬಿಡುವ ಗಿಡ ನಮ್ಮ ಹಿತ್ತಲುಗಳಲ್ಲೇ ಇದೆ. ಅದೇ ಕರ್ಣಕುಂಡಲ. ಇದು ನಮ್ಮ ದೇಶದ್ದೇ ಗಿಡ. ಇದರ ಕಾಡುಜಾತಿಯ ಅಕ್ಕತಂಗಿಯರು ಕೊಡಗಿನಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಬಂದರೆ ಯಾರೂ ಬಿತ್ತದೆ ಅರಳುತ್ತವೆ.

"ಬೀಜ ಹಾಕಿದ್ರೆ ಹುಟ್ಟಲ್ಲ" ಎಂದು ಕೆಲವರು ಹೇಳಬಹುದು. ನಾನೂ ಒಮ್ಮೆ ಸೋತಿದ್ದೇನೆ. ಅಂಗಡಿಯಿಂದ ಇಂಪೇಷನ್ಸ್ ಎಂಬ ಹೂವಿನ ಬೀಜ ತಂದಿದ್ದೆ. ಇದೂ ಕರ್ಣಕುಂಡಲದ ಜಾತಿಯೇ, ಮೂಲ ಪೂರ್ವ ಆಫ್ರಿಕಾ. ಪೊಟ್ಟಣದ ಮೇಲೆ ಮಾರ್ಚ್‌ನಲ್ಲಿ ಬಿತ್ತಿ ಎಂದಿತ್ತು, ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಆ ಸಣ್ಣ ಬೀಜ ಮೊಳೆಯಲು ಬೆಳಕು ಬೇಕು, ಮಣ್ಣಿನ ಮೇಲೆ ಒತ್ತಿ ಬಿಡಬೇಕು. ನಾನು ಬೆರಳುದ್ದ ಆಳಕ್ಕೆ ಹೂತಿದ್ದೆ!

ಆ ಮಾರ್ಚ್ ತಿಂಗಳೂ ನಮ್ಮದಲ್ಲ, ಇಂಗ್ಲೆಂಡಿನಂಥ ಚಳಿ ದೇಶದ್ದು. ಹಿಮ ಬಿದ್ದರೆ ಈ ಗಿಡ ಸಾಯುತ್ತದೆ. ಅದಕ್ಕೆ ಅಲ್ಲಿಯವರು ಮನೆಯೊಳಗೆ ಕಿಟಕಿ ಪಕ್ಕ ಸಸಿ ಎಬ್ಬಿಸಿ, ಹಿಮದ ಕಾಟ ಮುಗಿದ ಮೇಲೆ ಹೊರಗೆ ನೆಡುತ್ತಾರೆ. ನಂಜನಗೂಡಿಗೆ ಹಿಮ ಎಲ್ಲಿಂದ ಬರಬೇಕು? ನಮ್ಮ ಎಳೆ ಸಸಿಗೆ ಶತ್ರು ಮಾರ್ಚ್-ಏಪ್ರಿಲ್ ಬಿಸಿಲು. ಅದರ ಮೇಲೆ ಬೇಸಿಗೆ ರಜ, ನೀರು ಹಾಕುವವರೇ ಇಲ್ಲ.

ಅಷ್ಟು ದೂರ ಯಾಕೆ? ಪಕ್ಕದ ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ನಮ್ಮತ್ತೆಯ ಮನೆಯಿದೆ. ಹಿತ್ತಲೆಲ್ಲ ಮರಳು. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರಲ್ಲ. ಅತ್ತೆ ಮರಳಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಬಿತ್ತಿದ ಮೇಲೆ ತೆಳ್ಳಗೆ ಹುಲ್ಲು ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸುತ್ತಾರೆ. ನಮ್ಮ ಶಾಲೆಯದು ಎರೆಮಣ್ಣು. ಇಲ್ಲಿ ಹಾಗೆ ಮಾಡಿದರೆ ನೀರು ನಿಂತು ಬೀಜ ಕೊಳೆಯುತ್ತೆ. ನಾವು ಮಡಿಯನ್ನು ಎತ್ತರಿಸಿ, ಮರಳು ಬೆರೆಸಬೇಕು. ಮಡಿಕೇರಿಯ ಜಡಿಮಳೆಯಲ್ಲಾದರೆ ಬೀಜವೇ ಕೊಚ್ಚಿಹೋಗುತ್ತೆ. ಅಲ್ಲಿ ಸೂರಿನ ಕೆಳಗೆ ಸಸಿ ಮಾಡಿಕೊಳ್ಳುವುದು ಮೇಲು. ನಮ್ಮಜ್ಜಿ ಹೇಳುವುದು ಇದನ್ನೇ: "ಪೊಟ್ಟಣ ನೋಡಿ ಬಿತ್ತಬ್ಯಾಡ ಕೂಸೆ, ನೆಲ ಮುಟ್ಟಿ ನೋಡು."

ಆದ್ದರಿಂದ ನನ್ನ ಸಲಹೆ ಇಷ್ಟು. ಮೇ ತಿಂಗಳ ಮಳೆಗೆ ನೆಲ ಹದವಾಗಿರುತ್ತದೆ. ಜೂನ್ ಮೊದಲ ವಾರ ಕರ್ಣಕುಂಡಲದ ಬೀಜ ಬಿತ್ತೋಣ. ಮೇಲೆ ಕಾಲು ಅಂಗುಲ ಮಣ್ಣು ಸಾಕು. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ನಾಲ್ಕು ಎಲೆ ಬಂದ ಮೇಲೆ ಗೇಣಿಗೊಂದರಂತೆ ಕಿತ್ತು ನೆಡೋಣ. ಬಿತ್ತಿದ 60-70 ದಿನಕ್ಕೆ ಹೂವು. ನೀವೇ ಲೆಕ್ಕ ಹಾಕಿ, ಜೂನ್ 5ರಿಂದ ಆಗಸ್ಟ್ 15ಕ್ಕೆ 71 ದಿನ. ಧ್ವಜಾರೋಹಣಕ್ಕೆ ನಮ್ಮದೇ ಹೂವು!

ಒಂದು ಮಾತು ಒಪ್ಪಿಕೊಳ್ಳಬೇಕು. ಮರದ ಬುಡದ ದಟ್ಟ ನೆರಳಿನಲ್ಲಿ ಇದೂ ಚೆನ್ನಾಗಿ ಬರುವುದಿಲ್ಲ. ಬೆಳಗಿನ ಎಳೆಬಿಸಿಲು ತಾಗುವ ಅಂಚಿನಲ್ಲಿ ಪಾತಿ ಮಾಡೋಣ. ಮರದ ಬೇರೂ ನೀರು ಕುಡಿಯುವುದರಿಂದ, ಮಳೆ ಬಾರದ ದಿನ ನಾವು ಸರದಿಯಂತೆ ನೀರು ಹಾಕಬೇಕು. ಬುಡದ ಹತ್ತಿರ ಎಂದಿನಂತೆ ನಾವು ಕೂರೋಣ.

ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿಯುತ್ತದೆ. ಸಿಡಿಸುವ ಆಟ ನಮಗೆಲ್ಲ ಗೊತ್ತು. ಈ ಸಲ ಅಂಗೈ ಮುಚ್ಚಿಕೊಂಡು ಆಡೋಣ. ಸಿಕ್ಕ ಬೀಜವನ್ನು ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಕಟ್ಟಿ, ಮುಂದಿನ ವರ್ಷದವರಿಗೆ ಕೊಟ್ಟು ಹೋಗೋಣ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಕೊಂಬೆ ಕಡಿಯಲು ಅರ್ಧ ಗಂಟೆ ಸಾಕು. ಮತ್ತೆ ಅಷ್ಟು ನೆರಳು ಬರುವ ಹೊತ್ತಿಗೆ ನಾವ್ಯಾರೂ ಈ ಶಾಲೆಯಲ್ಲಿ ಇರುವುದಿಲ್ಲ. ಆದ್ದರಿಂದ ಗುರುಗಳು ನಮಗೆ ಒಂದು ವರ್ಷ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಹೂವು ಬಾರದಿದ್ದರೆ ಆಗ ಮತ್ತೆ ಮಾತಾಡೋಣ.

ಇಂತಿ,
8ನೇ ತರಗತಿಯ ವಿದ್ಯಾರ್ಥಿನಿ